ಕಾವಲಿನ ಹುಲ್ಲಿನ ಜೊತೆ ಹೊರಟುಹೋಗುವ ರಂಜಕ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುವ ಹೊತ್ತಿಗೆ ಬಯಲುಸೀಮೆಯ ಗೋಮಾಳ, ಕಾವಲುಗಳ (ದನ ಮೇಯಲು ಬಿಟ್ಟ ಹುಲ್ಲುಗಾವಲುಗಳ) ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಹುಮಟ್ಟಿಗೆ ಅದು ಒತ್ತುವರಿಯ ಸುದ್ದಿ, ಇಲ್ಲವೇ ಸಸಿ ನೆಡುವ ಸುದ್ದಿ. ಎಷ್ಟು ಎಕರೆ ಉಳಿಯಿತು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಆದರೆ ಉಳಿದ ಎಕರೆಯ ಮಣ್ಣಿನಲ್ಲಿ ಸತ್ವ ಎಷ್ಟಿದೆ, ವರ್ಷಕ್ಕೆ ಎಷ್ಟು ಹೊರಗೆ ಹೋಗುತ್ತಿದೆ, ಎಷ್ಟು ಮರಳುತ್ತಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ರಾಗಿ ಹೊಲಕ್ಕೆ ಇಷ್ಟು, ಅಡಿಕೆ ತೋಟಕ್ಕೆ ಇಷ್ಟು ಗೊಬ್ಬರ ಎಂದು ಲೆಕ್ಕ ಹಾಕುವ ನಾವು ಹುಲ್ಲು ಮಾತ್ರ ತಾನಾಗಿಯೇ ಬೆಳೆಯುತ್ತದೆ ಎಂದುಕೊಂಡಿದ್ದೇವೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ಹಾಸನ ಜಿಲ್ಲೆಗಳ ಕಾವಲುಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಓದುಗರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ, ಹೈದರಾಲಿಯ ಕಾಲದಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ದನಗಳಿಗಾಗಿ ಬಿಟ್ಟ ಕಾವಲುಗಳನ್ನು ಆಗಲೇ ಮೂರು ಬಗೆಯಾಗಿ ವಿಂಗಡಿಸಲಾಗಿತ್ತು: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಒಂದು ಕಾವಲಿನಲ್ಲಿ ಮೇವು ನಡೆಯುವಾಗ ಇನ್ನೊಂದರ ಹುಲ್ಲು ಬೀಜ ಉದುರಿಸಿ ಬೇರಿಗೆ ಬಲ ತುಂಬಿಕೊಳ್ಳುತ್ತಿತ್ತು. ದನ ರಾತ್ರಿಯೂ ಕಾವಲಿನಲ್ಲೇ ಮಲಗುತ್ತಿದ್ದುದರಿಂದ ಸಗಣಿ, ಗಂಜಲ ಕಾವಲಿಗೇ ಬೀಳುತ್ತಿತ್ತು. ಸಾರಜನಕ (ನೈಟ್ರೋಜನ್), ರಂಜಕ (ಫಾಸ್ಫರಸ್) ಎಂಬ ಹೆಸರು ಗೊತ್ತಿಲ್ಲದವರು ಕಟ್ಟಿದ ಆ ವ್ಯವಸ್ಥೆ ಪೋಷಕಾಂಶಗಳ ದೃಷ್ಟಿಯಿಂದ ನೋಡಿದರೂ ಬಲು ಗಟ್ಟಿಯಾದದ್ದು.

ಹುಲ್ಲಿನ ವರ್ಷ ಹೇಗೆ ಸಾಗುತ್ತದೆ ಎಂಬುದು ಮೊದಲು ತಿಳಿಯಬೇಕು. ಮಳೆ ಬಿದ್ದು ಚಿಗುರಿದ ಎಳೆ ಹುಲ್ಲಿನಲ್ಲಿ ಸಾರಜನಕ ಹೆಚ್ಚು. ಹುಬ್ಬೆ, ಉತ್ತರೆ ಮಳೆಯ ಹೊತ್ತಿಗೆ ತೆನೆ ಹೊರಡುವಾಗ ನಮ್ಮ ನಾಟಿ ಹುಲ್ಲುಗಳ ಕಚ್ಚಾ ಪ್ರೋಟೀನು ಶೇ 6ರಿಂದ 8ರಷ್ಟಿರುತ್ತದೆ. ಬೀಜ ಉದುರಿ ಒಣಗಿದ ಮೇಲೆ ಅದು ಶೇ 3ಕ್ಕೆ ಇಳಿಯುತ್ತದೆ. ಮೇವಿನಲ್ಲಿ ಪ್ರೋಟೀನು ಶೇ 7ಕ್ಕಿಂತ ಕೆಳಗೆ ಹೋದರೆ ದನದ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಆಗ ದನ ತಿನ್ನುವುದೂ ಕಡಿಮೆಯಾಗುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಇಳಿದ ಆ ಪ್ರೋಟೀನೆಲ್ಲ ಹಾಳಾಗಿ ಹೋಯಿತೆಂದಲ್ಲ. ಬಹುವಾರ್ಷಿಕ ಹುಲ್ಲು ಒಣಗುವ ಮುಂಚೆ ಎಲೆಯಲ್ಲಿದ್ದ ಸಾರಜನಕ, ರಂಜಕಗಳ ಒಂದು ಪಾಲನ್ನು ಬುಡಕ್ಕೂ ಬೇರಿಗೂ ಇಳಿಸಿಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಮುಂದಿನ ವರ್ಷದ ಮೊದಲ ಚಿಗುರು ಹೊರಡುವುದು ಆ ಗಂಟಿನ ಬಲದಿಂದ.

ಯಾವಾಗ ಕೊಯ್ಯಬೇಕು ಎಂಬ ಪ್ರಶ್ನೆ ಕಠಿಣವಾಗುವುದು ಇದರಿಂದಲೇ. ತೆನೆ ಹೊರಟಾಗ ಕೊಯ್ದರೆ ಒಳ್ಳೆಯ ಮೇವು ಸಿಗುತ್ತದೆ, ಆದರೆ ಮಣ್ಣಿನ ಸತ್ವ ಹೆಚ್ಚು ಹೋಗುತ್ತದೆ. ಒಣಗಿದ ಮೇಲೆ ಕೊಯ್ದರೆ ಮಣ್ಣಿಗೆ ನಷ್ಟ ಕಡಿಮೆ, ಆದರೆ ದನಕ್ಕೆ ಸಿಗುವುದು ಬರೀ ನಾರು. ಹುಲ್ಲು ಹರಾಜು ಹಾಕುವ ಪದ್ಧತಿ ಇರುವ ಕಡೆ ಈ ವಿಚಾರ ಯಾರ ತಲೆಗೂ ಬರುವುದಿಲ್ಲ. ಹರಾಜು ಹಿಡಿದವರು ತಮಗೆ ಅನುಕೂಲವಾದ ದಿನ, ನೆಲ ಹೆರೆಯುವಂತೆ ಕೊಯ್ದು ಲಾರಿ ತುಂಬುತ್ತಾರೆ.

ಲೆಕ್ಕ ಹೀಗಿದೆ. ವರ್ಷಕ್ಕೆ 500-600 ಮಿಲಿಮೀಟರ್ ಮಳೆ ಬೀಳುವ ಕೆಂಪು ಗರಸು ಭೂಮಿಯಲ್ಲಿ, ಹುಲ್ಲು ಸಾಧಾರಣವಾಗಿ ಬಂದ ವರ್ಷ, ಹೆಕ್ಟೇರಿಗೆ 2 ಟನ್ ಒಣ ಹುಲ್ಲು ಎಂದು ಹಿಡಿಯೋಣ. ಪ್ರೋಟೀನು ಶೇ 6 ಇದ್ದರೆ ಅದನ್ನು ವಾಡಿಕೆಯ ಲೆಕ್ಕದಂತೆ 6.25ರಿಂದ ಭಾಗಿಸಿದಾಗ ಸಾರಜನಕ ಶೇ 0.96. ಅಂದರೆ 2 ಟನ್ನಿನ ಜೊತೆ ಸುಮಾರು 19 ಕಿಲೋ ಸಾರಜನಕ ಹೋಯಿತು. ರಂಜಕ ಶೇ 0.15 ಎಂದರೂ 3 ಕಿಲೋ, ಪೊಟ್ಯಾಸಿಯಂ ಶೇ 1.2 ಎಂದರೆ 24 ಕಿಲೋ. ಅಂಗಡಿಯ ಗೊಬ್ಬರದ ಭಾಷೆಯಲ್ಲಿ ಹೇಳಿದರೆ 40 ಕಿಲೋಗಿಂತ ಹೆಚ್ಚು ಯೂರಿಯಾ, ಅಷ್ಟೇ ಸೂಪರ್ ಫಾಸ್ಫೇಟ್, ಒಂದು ಚೀಲದಷ್ಟು ಪೊಟ್ಯಾಷ್. ಪ್ರತಿ ಹೆಕ್ಟೇರಿನಿಂದ, ಪ್ರತಿ ಕೊಯ್ಲಿಗೆ, ಇಷ್ಟು ಹುಲ್ಲಿನ ಹೊರೆಯೊಳಗೆ ಹೊರಡುತ್ತದೆ.

ಇದರಲ್ಲಿ ಎಲ್ಲವೂ ಒಂದೇ ತೂಕದ ನಷ್ಟವಲ್ಲ. ಸಾರಜನಕ ಸ್ವಲ್ಪ ಮಟ್ಟಿಗೆ ಮಳೆಯ ಜೊತೆ ಇಳಿಯುತ್ತದೆ. ಹುಲ್ಲಿನ ನಡುವೆ ಹಬ್ಬುವ ದ್ವಿದಳ ಗಿಡಗಳ ಬೇರಿನ ಗಂಟುಗಳೂ ಅದನ್ನು ಗಾಳಿಯಿಂದ ಹಿಡಿದು ಕೊಡುತ್ತವೆ. ನಮ್ಮ ಕೆಂಪು ಮಣ್ಣು ಹುಟ್ಟಿದ ಗ್ರಾನೈಟು, ನೈಸ್ ಕಲ್ಲುಗಳಲ್ಲಿ ಪೊಟ್ಯಾಸಿಯಂ ಇರುವ ಖನಿಜಗಳಿರುವುದರಿಂದ ಅದೂ ನಿಧಾನವಾಗಿ ಬಿಡುಗಡೆಯಾಗುತ್ತಿರುತ್ತದೆ. ರಂಜಕಕ್ಕೆ ಅಂಥ ದಾರಿ ಇಲ್ಲವೆಂದೇ ಹೇಳಬೇಕು. ಗಾಳಿಯಲ್ಲಿ ಅದು ಇಲ್ಲ, ಮಳೆಯಲ್ಲಿ ನಾಮಮಾತ್ರ. ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಇದ್ದದ್ದನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ವರ್ಷ ವರ್ಷ ಕೊಯ್ದು ಸಾಗಿಸುವ ಕಾವಲಿನಲ್ಲಿ ಮೊದಲು ಬಡವಾಗುವುದು ರಂಜಕ. ರಂಜಕ ಇಳಿದರೆ ದ್ವಿದಳ ಗಿಡಗಳು ಸೊರಗುತ್ತವೆ, ಅವು ಸೊರಗಿದರೆ ಸಾರಜನಕವೂ ಇಳಿಯುತ್ತದೆ. ದನಗಳು ಮೂಳೆ, ಚರ್ಮ, ಮಣ್ಣು ಕಡಿಯತೊಡಗಿದರೆ ಮೇವಿನಲ್ಲಿ ರಂಜಕ ಸಾಲುತ್ತಿಲ್ಲ ಎಂಬ ಸಂಶಯ ಬರಲೇಬೇಕು. ಅದನ್ನು ಚಟ ಎಂದು ತಳ್ಳಿಹಾಕಬಾರದು.

ಮೇಯಿಸುವುದು ಕೊಯ್ಯುವುದಕ್ಕಿಂತ ಎಷ್ಟೋ ಮೇಲು, ಆದರೆ ಒಂದು ಷರತ್ತಿನ ಮೇಲೆ. ದನ ತಿಂದ ಸಾರಜನಕ, ರಂಜಕ, ಪೊಟ್ಯಾಸಿಯಂಗಳಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಪಾಲು ಸಗಣಿ, ಗಂಜಲವಾಗಿ ಹೊರಬರುತ್ತದೆ. ರಂಜಕ ಹೆಚ್ಚುಕಡಿಮೆ ಪೂರ್ತಿ ಸಗಣಿಯಲ್ಲಿ, ಪೊಟ್ಯಾಸಿಯಂ ಬಹುಪಾಲು ಗಂಜಲದಲ್ಲಿ. ಸಾರಜನಕ ಹಸಿ ಮೇವಿನ ಕಾಲದಲ್ಲಿ ಹೆಚ್ಚಾಗಿ ಗಂಜಲದಲ್ಲಿ ಹೋಗುತ್ತದೆ, ಒಣ ಮೇವಿನ ಕಾಲದಲ್ಲಿ ಸಗಣಿಯಲ್ಲಿ. ಆದರೆ ಬೆಳಿಗ್ಗೆ ಹತ್ತಕ್ಕೆ ಬಿಟ್ಟ ದನ ಸಂಜೆ ಆರಕ್ಕೆ ಊರಿಗೆ ಮರಳಿದರೆ, ದಿನದ ಸಗಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟಿಗೆಯಲ್ಲಿ ಬೀಳುತ್ತದೆ. ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ನಮ್ಮ ರಾಗಿ ಹೊಲಗಳನ್ನು ತಲೆಮಾರುಗಳಿಂದ ಸಾಕಿದ್ದು ಗೋಮಾಳ. ಇದನ್ನು ತಪ್ಪು ಎನ್ನುತ್ತಿಲ್ಲ, ರೈತನಿಗೆ ಆ ಗೊಬ್ಬರ ಬೇಕು. ಆದರೆ ಹಗಲು ಬಿದ್ದ ಸಗಣಿಯನ್ನೂ ಬುಟ್ಟಿಯಲ್ಲಿ ಆಯ್ದು ಬೆರಣಿ ತಟ್ಟಿದರೆ ಗೋಮಾಳಕ್ಕೆ ಉಳಿಯುವುದು ಗಂಜಲವೊಂದೇ. ಗಂಜಲದಲ್ಲಿ ರಂಜಕ ಇಲ್ಲ.

ಗಂಜಲ ಬಿದ್ದ ಜಾಗದಲ್ಲಿ ಸಾರಜನಕ ಕೂಡ ಸರಿಯಾಗಿ ನಿಲ್ಲುವುದಿಲ್ಲ. ದನ ಒಮ್ಮೆ ಗಂಜಲ ಹೊಯ್ದ ಅಷ್ಟಗಲದ ಜಾಗಕ್ಕೆ ಸಿಗುವ ಸಾರಜನಕ, ಹೆಕ್ಟೇರಿಗೆ ಲೆಕ್ಕ ಹಾಕಿದರೆ ನೂರಾರು ಕಿಲೋ ಆಗುತ್ತದೆ. ಅಷ್ಟನ್ನು ಯಾವ ಹುಲ್ಲಿನ ಬೇರೂ ಒಮ್ಮೆಲೇ ಹೀರಲಾರದು. ಬಿಸಿಲಿಗೆ ಒಂದು ಪಾಲು ಅಮೋನಿಯಾ ಆಗಿ ಹಾರುತ್ತದೆ, ಇನ್ನೊಂದು ಪಾಲು ನೈಟ್ರೇಟ್ ಆಗಿ ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ದನ ಹರಡಿ ಮೇಯ್ದಷ್ಟೂ ಈ ನಷ್ಟ ಕಡಿಮೆ. ಕುಡಿಯುವ ನೀರಿನ ತೊಟ್ಟಿ, ಮರದ ನೆರಳು, ಉಪ್ಪಿನ ಗಡ್ಡೆ ಮೂರೂ ಒಂದೇ ಕಡೆ ಇದ್ದರೆ ಕಾವಲಿನ ಸತ್ವವೆಲ್ಲ ಆ ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ. ನೆಕ್ಕುವ ಉಪ್ಪು ಮತ್ತು ಖನಿಜ ಮಿಶ್ರಣವನ್ನು ನೀರಿನಿಂದ ದೂರ, ಬಡಕಲು ಹುಲ್ಲಿರುವ ಕಡೆ ಇಟ್ಟು, ಎರಡು ವಾರಕ್ಕೊಮ್ಮೆ ಜಾಗ ಬದಲಿಸಬೇಕು. ದೊಡ್ಡ ದನಕ್ಕೆ ದಿನಕ್ಕೆ 30-50 ಗ್ರಾಂ ಖನಿಜ ಮಿಶ್ರಣ ಕೊಟ್ಟರೆ ಅದರ ರಂಜಕದಲ್ಲೂ ಹೆಚ್ಚಿನ ಪಾಲು ಸಗಣಿಯ ಮೂಲಕ ನೆಲ ಸೇರುತ್ತದೆ. ದನವನ್ನು ಸಾಕುತ್ತಲೇ ಕಾವಲನ್ನು ಸಾಕುವ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಎಷ್ಟು ದನ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ 100 ದನಗಳಿಗೆ 30 ಎಕರೆ, ಅಂದರೆ 12 ಹೆಕ್ಟೇರ್ ಗೋಮಾಳ. ಹೆಕ್ಟೇರಿಗೆ 2 ಟನ್ನಿನಂತೆ ಅದರಲ್ಲಿ ಬೆಳೆಯುವುದು 24 ಟನ್. ಹುಲ್ಲು ಬದುಕಿ ಉಳಿಯಬೇಕಾದರೆ ಅರ್ಧವನ್ನು ನೆಲದಲ್ಲೇ ಬಿಡಬೇಕು. ದನಕ್ಕೆ ಸಿಗುವುದು 12 ಟನ್. 300 ಕಿಲೋ ತೂಕದ ದನ ದಿನಕ್ಕೆ ಏಳೂವರೆ ಕಿಲೋ ಒಣ ಮೇವು ತಿಂದರೆ ನೂರು ದನಕ್ಕೆ 750 ಕಿಲೋ. 12 ಟನ್ ಮುಗಿಯಲು ಹದಿನಾರು ದಿನ ಸಾಕು. ಗೋಮಾಳವೆಂದರೆ ವರ್ಷಪೂರ್ತಿ ಮೇವು ಕೊಡುವ ಜಾಗವೆಂದು ನಂಬಿ ಮುನ್ನೂರ ಅರವತ್ತೈದು ದಿನವೂ ದನ ಬಿಟ್ಟರೆ ಆಗುವುದೇನು ಎಂಬುದಕ್ಕೆ ಬೇರೆ ವಿವರಣೆ ಬೇಡ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಂತೆ ಕಾವಲು ಕೈತಪ್ಪಿದಾಗಲೆಲ್ಲ, ಉಳಿದ ಹುಲ್ಲಿನ ಮೇಲೆ ಬೀಳುವ ಬಾಯಿಗಳ ಸಂಖ್ಯೆ ಏರುತ್ತದೆ.

ಹುಲ್ಲಿನ ಎಲೆಯಲ್ಲಿ ಅರ್ಧ ಹೋದರೆ ಬೇರು ತಡೆದುಕೊಳ್ಳುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಹೋದರೆ ಬೇರಿನ ಬೆಳವಣಿಗೆ ದಿನಗಟ್ಟಲೆ ನಿಂತುಬಿಡುತ್ತದೆ. ಇದು ಅತಿ ಕೆಟ್ಟದಾಗಿ ಕಾಡುವುದು ಮುಂಗಾರಿನ ಮೊದಲ ವಾರಗಳಲ್ಲಿ. ತಿಂಗಳುಗಟ್ಟಲೆ ಕಾದು ಒಣಗಿದ ಮಣ್ಣಿಗೆ ಮೊದಲ ಹದ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು, ಸಾವಯವ ವಸ್ತುವನ್ನು ಒಡೆದು ನೈಟ್ರೇಟ್ ಬಿಡುಗಡೆ ಮಾಡುತ್ತವೆ. ವರ್ಷದಲ್ಲಿ ಪುಕ್ಕಟೆಯಾಗಿ ಸಿಗುವ ದೊಡ್ಡ ಗೊಬ್ಬರದ ಕಂತು ಅದು. ಜೀವಂತ ಬೇರು ದಟ್ಟವಾಗಿದ್ದರೆ ಹಿಡಿದುಕೊಳ್ಳುತ್ತದೆ. ಇಲ್ಲವಾದರೆ ಎರಡನೆಯ ಮಳೆಗೆ ಅದು ಕೊಚ್ಚಿಹೋಗುತ್ತದೆ. ಆ ಹೊತ್ತಿನಲ್ಲೇ ಹಸಿವಿನಿಂದ ಕಂಗೆಟ್ಟ ದನಗಳು ಎರಡು ಬೆರಳು ಎತ್ತರದ ಚಿಗುರನ್ನು ಕಿತ್ತು ತಿನ್ನುತ್ತವೆ. ಹೀಗೆ ನಾಲ್ಕಾರು ವರ್ಷ ನಡೆದರೆ ಬಹುವಾರ್ಷಿಕ ಹುಲ್ಲು ಹೋಗಿ, ಒಂದೇ ಮಳೆಗೆ ಹುಟ್ಟಿ ಸಾಯುವ ಹುಲ್ಲು ಬರುತ್ತದೆ. ಅದರ ಹಿಂದೆ ದನ ಮುಟ್ಟದ ತಂಗಡಿ, ಬಂದರಿಕೆ, ಕಾಂಗ್ರೆಸ್ ಗಿಡ. ತಂಗಡಿಯ ಹಳದಿ ಹೂವು ಕಣ್ಣಿಗೆ ಚೆಂದ. ಕಾವಲಿನ ತುಂಬ ಅದೇ ಇದ್ದರೆ ಆ ನೆಲ ಸೋತಿದೆ ಎಂದು ತಿಳಿಯಬೇಕು.

ಬೆಂಕಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಆಳವಾಗಿದೆ. ಸುಟ್ಟರೆ ಹೊಸ ಚಿಗುರು ಬರುತ್ತದೆ, ಬೂದಿ ಗೊಬ್ಬರವಾಗುತ್ತದೆ ಎಂಬ ಮಾತು ಅರ್ಧ ನಿಜ. ಹಳೆ ಕಡ್ಡಿ ಹೋಗಿ ಬಿಸಿಲು ಬುಡಕ್ಕೆ ತಾಗುವುದರಿಂದ ಚಿಗುರು ಬರುತ್ತದೆ, ಅದರಲ್ಲಿ ಪ್ರೋಟೀನು ಹೆಚ್ಚಿರುವುದೂ ನಿಜ. ಆದರೆ ಒಣ ಹುಲ್ಲಿನಲ್ಲಿದ್ದ ಸಾರಜನಕ, ಗಂಧಕಗಳು ಹೊಗೆಯಾಗಿ ಹೋಗುತ್ತವೆ. ಶೇ 0.5 ಸಾರಜನಕವಿರುವ 2 ಟನ್ ಒಣಹುಲ್ಲು ಉರಿದರೆ ಹೆಕ್ಟೇರಿಗೆ 10 ಕಿಲೋ ಹತ್ತಿರ ಸಾರಜನಕ ಹೋದಂತೆ. ಅದು ಅರ್ಧ ಚೀಲ ಯೂರಿಯಾಕ್ಕೆ ಸಮ. ರಂಜಕ, ಪೊಟ್ಯಾಸಿಯಂ, ಸುಣ್ಣ ಬೂದಿಯಲ್ಲಿ ಉಳಿಯುತ್ತವೆ ಎಂಬುದೂ ಸರಿ. ಆದರೆ ಮಾರ್ಚಿಯಲ್ಲಿ ಸುಟ್ಟ ನೆಲದ ಬೂದಿಯನ್ನು ಮೂರು ತಿಂಗಳ ಬಿರುಗಾಳಿ ಬಿಡುತ್ತದೆಯೇ? ಗಾಳಿ ಬಿಟ್ಟದ್ದನ್ನು ಮೇ ತಿಂಗಳ ಅಡ್ಡಮಳೆ ಇಳಿಜಾರಿಗೆ ಒಯ್ಯುತ್ತದೆ. ವರ್ಷ ವರ್ಷ ಬೆಂಕಿ ಬಿದ್ದ ಕಡೆ, ಬೆಂಕಿಯನ್ನು ತಾಳುವ, ಬಟ್ಟೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಈಟಿಮುಳ್ಳಿನ ಹುಲ್ಲು ಹಬ್ಬಿ, ಮೆತ್ತನೆಯ ಹುಲ್ಲುಗಳು ಹಿಂದೆ ಸರಿಯುತ್ತವೆ.

ಹಾಗೆಂದು ಬೇಲಿ ಹಾಕಿ ಯಾರನ್ನೂ ಬಿಡದೆ ಹತ್ತು ವರ್ಷ ಕೂರುವುದೂ ಪರಿಹಾರವಲ್ಲ. ಮೇಯದೆ, ಕೊಯ್ಯದೆ ಬಿಟ್ಟ ಹುಲ್ಲು ತನ್ನ ಸತ್ತ ಕಡ್ಡಿಯ ಒಳಗೇ ಉಸಿರುಗಟ್ಟುತ್ತದೆ. ಸತ್ವವೆಲ್ಲ ಕೊಳೆಯದ ಕಡ್ಡಿಯಲ್ಲಿ ಸೆರೆಯಾಗುತ್ತದೆ, ಬುಡದ ನಡುಭಾಗ ಸಾಯುತ್ತದೆ, ನಡುವೆ ಪೊದೆ ಏಳುತ್ತದೆ. ಒಂದು ಕಿಡಿ ಬಿದ್ದರೆ ಅಷ್ಟೂ ಒಂದೇ ಮಧ್ಯಾಹ್ನ ಹೋಗುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಳ್ಳೆಯ ಕೆಲಸ. ಆದರೆ ಕೃಷ್ಣಮೃಗಕ್ಕೂ ಬೇಕಾದದ್ದು ಎದೆಯೆತ್ತರದ ಒಣಕಡ್ಡಿಯಲ್ಲ, ಮೇಯ್ದು ಮತ್ತೆ ಚಿಗುರಿದ ಗಿಡ್ಡ ಹುಲ್ಲು. ಹದವಾದ ಮೇವು ಹುಲ್ಲುಗಾವಲಿನ ಶತ್ರುವಲ್ಲ.

ಸಸಿ ನೆಡುವ ವಿಷಯ. ಗರಸು ಭೂಮಿಯಲ್ಲಿ ಸತ್ವವೆಲ್ಲ ಇರುವುದು ಮೇಲಿನ ಗೇಣು ಮಣ್ಣಿನಲ್ಲಿ. ಒಂದೂವರೆ ಅಡಿ ಗುಂಡಿ, ಅಗಳು ತೋಡಿದಾಗ ಆ ಮಣ್ಣು ಕೆಳಗೆ ಹೋಗಿ, ಬರೀ ಗರಸು, ಸುಣ್ಣದ ಹರಳು ಮೇಲೆ ಬಂದು ದಿಬ್ಬವಾಗುತ್ತದೆ. ಆ ದಿಬ್ಬದ ಮೇಲೆ ವರ್ಷಗಟ್ಟಲೆ ಒಳ್ಳೆಯ ಹುಲ್ಲು ಏಳುವುದಿಲ್ಲ. ಸುಣ್ಣದ ಹರಳು ಹಾಕಿದ ರಂಜಕವನ್ನೂ ಕಟ್ಟಿಹಾಕುತ್ತದೆ. ಸಸಿ ಬದುಕದಿದ್ದರೆ ಎರಡೂ ಹೋಯಿತು. ಬದುಕಿದರೆ? ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾದ 119 ಚದರ ಕಿಲೋಮೀಟರ್ ಪ್ರದೇಶದಲ್ಲಿ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ನೀಲಗಿರಿಯ ತರಗೆಲೆ ಬೇಗ ಕೊಳೆಯುವುದಿಲ್ಲ. ಮಣ್ಣಿನ ಸುಣ್ಣ, ಪೊಟ್ಯಾಸಿಯಂ, ರಂಜಕ ಕಾಂಡ, ತೊಗಟೆಗಳಲ್ಲಿ ಕೂಡಿಕೊಂಡು ಕಡಿದಾಗ ಲಾರಿ ಏರುತ್ತವೆ.

ಬಳ್ಳಾರಿ ಜಾಲಿಯ ಕಥೆ ಬೇರೆ. ಅದು ಸಾರಜನಕ ಹಿಡಿಯುವ ಮರ. ಅದರ ಬುಡದ ಮಣ್ಣು ಸುತ್ತಲಿನ ಮಣ್ಣಿಗಿಂತ ಫಲವತ್ತಾಗಿರುತ್ತದೆ, ಆದರೆ ಹುಲ್ಲಿಗೆ ಅಲ್ಲಿ ಜಾಗವಿಲ್ಲ. ಬರೀ ಕೊಡಲಿ ಹಾಕಿದರೆ ಹತ್ತು ಕೊಂಬೆಯಾಗಿ ಏಳುತ್ತದೆ. ಬುಡದ ಗಡ್ಡೆಯನ್ನು ಒಂದು ಅಡಿ ಆಳದವರೆಗೆ ಅಗೆದು ತೆಗೆಯಬೇಕು. ತೆಗೆದ ಕಡೆ ಕೂಡಿಟ್ಟ ಸಾರಜನಕ ಬಿಡುಗಡೆಯಾಗುವುದರಿಂದ, ಅದೇ ಮಳೆಗೆ ಹುಲ್ಲು ಬಿತ್ತದಿದ್ದರೆ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದು ಅಷ್ಟನ್ನೂ ನುಂಗುತ್ತದೆ. ಜಾಲಿ ತೆಗೆಯುವ ಕಾಮಗಾರಿ ಮತ್ತು ಹುಲ್ಲು ಬಿತ್ತುವ ಕಾಮಗಾರಿ ಬೇರೆ ಬೇರೆ ವರ್ಷದ ಅಂದಾಜುಪಟ್ಟಿಯಲ್ಲಿ ಬಂದರೆ ಮೊದಲನೆಯದರ ಹಣ ವ್ಯರ್ಥ.

ಸತ್ವ ಕಡಿಮೆಯಾಗಿದ್ದರೆ ಯೂರಿಯಾ ಎರಚಿಬಿಡೋಣ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು 1856ರಲ್ಲಿ ಒಂದು ಹುಲ್ಲುಗಾವಲನ್ನು ತುಂಡು ಮಾಡಿ, ಪ್ರತಿ ತುಂಡಿಗೆ ಬೇರೆ ಬೇರೆ ಗೊಬ್ಬರ ಕೊಡುವ ಪ್ರಯೋಗ ಶುರುಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಏನೂ ಹಾಕದ ತುಂಡುಗಳಲ್ಲಿ ಇಳುವರಿ ಕಡಿಮೆ, ಆದರೆ ಗಿಡಜಾತಿಗಳು ಅತಿ ಹೆಚ್ಚು. ಅಮೋನಿಯಂ ಸಲ್ಫೇಟ್ ಹಾಕುತ್ತ ಹೋಗಿ ಸುಣ್ಣ ಕೊಡದ ತುಂಡುಗಳಲ್ಲಿ ಮಣ್ಣು ಹುಳಿಯಾಗಿ, ರಸಸಾರ (ಪಿಎಚ್) 4ಕ್ಕಿಂತ ಕೆಳಗಿಳಿದು, ಬೆರಳೆಣಿಕೆಯ ಜಾತಿಗಳಷ್ಟೇ ಉಳಿದವು. ಆ ಮಣ್ಣು, ಆ ಹವೆ ನಮ್ಮದಲ್ಲ. ಆದರೆ ಸಾರಜನಕವೊಂದನ್ನೇ ಸುರಿದರೆ ಎತ್ತರ ಬೆಳೆಯುವ ನಾಲ್ಕು ಜಾತಿಯ ಹುಲ್ಲು ಮೆರೆದು ದ್ವಿದಳಗಳು ನೆರಳಲ್ಲಿ ಸಾಯುತ್ತವೆ ಎಂಬುದು ಇಲ್ಲಿಗೂ ಸಲ್ಲುವ ಮಾತು. ಜೊತೆಗೆ, ನಮ್ಮ ಬಿಸಿಲಿನಲ್ಲಿ ಹುಲ್ಲಿನ ಮೇಲೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಗಾಳಿಗೇ ಹೋಗುತ್ತದೆ. ಕಾವಲಿಗೆ ಹಾಕಲೇಬೇಕೆಂದರೆ ಸೂಪರ್ ಫಾಸ್ಫೇಟ್ ಹಾಕಿ. 50 ಕಿಲೋ ಚೀಲವೊಂದರಲ್ಲಿ ಮೂರೂವರೆ ಕಿಲೋ ರಂಜಕ ಇದೆ, ಗಂಧಕ ಸುಮಾರು ಐದೂವರೆ ಕಿಲೋ. 2 ಟನ್ ಹುಲ್ಲು ಒಯ್ದ ರಂಜಕವನ್ನು ಹೆಕ್ಟೇರಿಗೆ ಒಂದು ಚೀಲ ತುಂಬಿಕೊಡುತ್ತದೆ. ಹುಲ್ಲು ಮಾರಿದ ಹಣದಲ್ಲಿ ಅಷ್ಟನ್ನು ಮರಳಿಸಬೇಕೆಂದು ಹರಾಜಿನ ಷರತ್ತಿನಲ್ಲೇ ಬರೆಯಬೇಕು.

ಗೊಬ್ಬರದ ಚೀಲಕ್ಕಿಂತ ಉತ್ತಮವಾದದ್ದು ಮಂದೆಯನ್ನೇ ಮಲಗಿಸುವುದು. ದನವೊಂದು ರಾತ್ರಿಗೆ 5 ಕಿಲೋ ಹಸಿ ಸಗಣಿ ಹಾಕಿದರೆ ನೂರು ದನಕ್ಕೆ 500 ಕಿಲೋ. ಅದರಲ್ಲಿ ರಂಜಕ ಸುಮಾರು ಅರ್ಧ ಕಿಲೋ. ಏಳು ರಾತ್ರಿಗೆ ಮೂರು ಕಿಲೋ ದಾಟುತ್ತದೆ. ಅಂದರೆ ನೂರು ದನದ ಮಂದೆ ಒಂದು ವಾರ ಮಲಗಿದರೆ ಒಂದು ಹೆಕ್ಟೇರ್ ಕೊಯ್ಲಿನ ರಂಜಕದ ಸಾಲ ತೀರಿತು. ರೊಪ್ಪದ (ರಾತ್ರಿ ದನ ಕೂಡುವ ಬೇಲಿಯ) ಜಾಗವನ್ನು ಪ್ರತಿ ರಾತ್ರಿ ಸರಿಸಬೇಕು, ಅದೇ ಮುಖ್ಯ. ತಿಂಗಳುಗಟ್ಟಲೆ ಒಂದೇ ಕಡೆ ರೊಪ್ಪ ಹಾಕಿದರೆ ನೆಲ ಗಟ್ಟಿಯಾಗಿ, ಅತಿ ಸಾರಜನಕಕ್ಕೆ ಉಮ್ಮತ್ತಿ, ಮುಳ್ಳುಹರಿವೆ ಏಳುತ್ತವೆ. ಅಂಥ ಜಾಗದ ಸೊಂಪಾದ ಸೊಪ್ಪಿನಲ್ಲಿ ನೈಟ್ರೇಟ್ ಅತಿಯಾಗಿ, ಹಸಿದ ದನ ತಿಂದರೆ ವಿಷವಾಗುವುದೂ ಉಂಟು. ಇನ್ನೊಂದು ಎಚ್ಚರ: ಬಳ್ಳಾರಿ ಜಾಲಿಯ ಕಾಯಿ ತಿಂದ ಮಂದೆಯನ್ನು ಸ್ವಚ್ಛ ಕಾವಲಿಗೆ ನೇರವಾಗಿ ತರಬಾರದು. ಬೀಜ ಸಗಣಿಯಲ್ಲಿ ಜೀವಂತವಾಗಿ ಬರುತ್ತದೆ. ಐದಾರು ದಿನ ಬೇರೆ ಮೇವಿನ ಮೇಲೆ ನಿಲ್ಲಿಸಿ ಆಮೇಲೆ ತರಬೇಕು.

ಸಗಣಿ ಬಿದ್ದರೆ ಸಾಲದು, ಮಣ್ಣೊಳಗೆ ಇಳಿಯಬೇಕು. ಆ ಕೆಲಸ ಮಾಡುವುದು ಸಗಣಿ ಹುಳು ಮತ್ತು ಗೆದ್ದಲು. ಸಗಣಿ ಹುಳು ಒಂದೆರಡು ದಿನದಲ್ಲಿ ಉಂಡೆ ಕಟ್ಟಿ ಹೂಳಿದರೆ ಸತ್ವ ಬೇರಿನ ಹತ್ತಿರ ಹೋಗುತ್ತದೆ. ಅವು ಇಲ್ಲದಿದ್ದರೆ ಸಗಣಿ ಬಿಸಿಲಿಗೆ ಹಲಗೆಯಂತೆ ಒಣಗಿ, ಕೆಳಗಿನ ಹುಲ್ಲನ್ನೂ ಸಾಯಿಸಿ, ಸಾರಜನಕವನ್ನು ಗಾಳಿಗೆ ಬಿಡುತ್ತದೆ. ಜಂತು, ರಕ್ತ ಹೀರುವ ಉಣ್ಣೆಗಳಿಗೆಂದು ಕೊಡುವ ಐವರ್‌ಮೆಕ್ಟಿನ್ ಔಷಧ ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಪಶುವೈದ್ಯರ ಸಲಹೆಯಿಲ್ಲದೆ ಇಡೀ ಮಂದೆಗೆ, ಅದೂ ಹುಳುಗಳು ಏಳುವ ಮುಂಗಾರಿನಲ್ಲಿ, ಅದನ್ನು ಚುಚ್ಚಿಸುವುದು ಕಾವಲಿಗೆ ಹಾನಿ.

ಇವನ್ನೆಲ್ಲ ಸೇರಿಸಿ ಮಾಡಬಹುದಾದ ಏರ್ಪಾಡು ಹೀಗಿರಲಿ. ಕಾವಲನ್ನು ನಾಲ್ಕು ಪಾಲು ಮಾಡಿ. ಒಂದು ಪಾಲಿಗೆ ಮೊದಲ ಮಳೆಯಿಂದ ಸ್ವಾತಿ ಮಳೆ ಕಳೆದು ಬೀಜ ಉದುರುವವರೆಗೆ ಪೂರ್ತಿ ವಿಶ್ರಾಂತಿ, ಆಮೇಲೆ ಬೇಸಿಗೆಯಲ್ಲಿ ಒಣ ಮೇವು. ಇನ್ನೊಂದು ಪಾಲನ್ನು ತೆನೆ ಹೊರಟಾಗ ಕೊಯ್ಯಿರಿ. ಬುಡ ನಾಲ್ಕು ಬೆರಳಿಗಿಂತ ಎತ್ತರ, ಸಾಧ್ಯವಾದರೆ ಹತ್ತು ಸೆಂಟಿಮೀಟರ್ ಬಿಟ್ಟು ಕೊಯ್ಯಬೇಕು. ಆ ಬುಡದಲ್ಲಿ ದನಕ್ಕೆ ಪ್ರೋಟೀನು ಹೆಚ್ಚಿಲ್ಲ, ಹುಲ್ಲಿಗೆ ಮಾತ್ರ ಪ್ರಾಣವೇ ಅಲ್ಲಿದೆ. ಕೊಯ್ದದ್ದು ಮಳೆಗೆ ಸಿಕ್ಕರೆ ಪೊಟ್ಯಾಸಿಯಂ, ಸಕ್ಕರೆ ತೊಳೆದುಹೋಗುತ್ತವೆ, ಎರಡು ಮೂರು ದಿನದ ಹೊಳವು ನೋಡಿಯೇ ಕುಡುಗೋಲು ಹಾಕಬೇಕು. ಉಳಿದೆರಡು ಪಾಲುಗಳಲ್ಲಿ ಹುಲ್ಲು ಗೇಣೆತ್ತರ ಬಂದ ಮೇಲಷ್ಟೇ ಮಂದೆ ಬಿಟ್ಟು, ಅರ್ಧಕ್ಕೆ ಇಳಿದ ಕೂಡಲೇ ಒಂದರಿಂದ ಇನ್ನೊಂದಕ್ಕೆ ಸರಿಸಿ, ನಡುವೆ ಮೂರು ನಾಲ್ಕು ವಾರ ಬಿಡುವು ಕೊಡಬೇಕು. ಕೊಯ್ದ ಪಾಲಿಗೆ ಮರುವರ್ಷ ರಾತ್ರಿ ರೊಪ್ಪ. ವರ್ಷಕ್ಕೊಂದರಂತೆ ಪಾಲು ಬದಲಾಗುತ್ತ ಹೋದರೆ ಯಾವ ಜಾಗವೂ ನಾಲ್ಕು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಕುಡುಗೋಲಿಗೆ ಸಿಗುವುದಿಲ್ಲ, ಹುಲ್ಲಿನ ಆದಾಯ ಮಾತ್ರ ಪ್ರತಿ ವರ್ಷ ಇರುತ್ತದೆ.

ಹುಲ್ಲು ಪೂರ್ತಿ ಹೋದ ಕಡೆ ಬಿತ್ತಲೇಬೇಕು. ಅಂಜನ ಹುಲ್ಲಿನ ಬೀಜ ಹೆಕ್ಟೇರಿಗೆ 4-5 ಕಿಲೋ ಸಾಕು. ಹೊಸ ಬೀಜ ಮೊಳೆಯುವುದಿಲ್ಲ, ಕೊಯ್ದು ಆರೆಂಟು ತಿಂಗಳು ಕಳೆದಿರಬೇಕು. ಹಗುರವಾದ ಬೀಜ ಗಾಳಿಗೆ ಹಾರುವುದರಿಂದ ಒಂದು ಪಾಲು ಬೀಜ, ಒಂದು ಪಾಲು ಸಗಣಿ, ಮೂರು ಪಾಲು ಜೇಡಿಮಣ್ಣು, ಒಂದು ಪಾಲು ಮರಳು ಸೇರಿಸಿ ಸಣ್ಣ ಉಂಡೆ ಕಟ್ಟಿ, ಗೀರಿದ ಸಾಲಿನಲ್ಲಿ ಬೆರಳಗಲಕ್ಕಿಂತ ಆಳ ಹೋಗದಂತೆ ಹಾಕಬೇಕು. ಆಳವೇ ಬಹಳ ಕಡೆ ಸೋಲಿಗೆ ಕಾರಣ. ಸಾಲಿನ ನಡುವೆ ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡ ಬಿತ್ತಿದರೆ ಸಾರಜನಕ ಸಿಗುತ್ತದೆ. ಅದರ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ತೆಗೆದು ಒಣಗಿಸಿ ಬಿತ್ತಬೇಕು. ಸ್ಟೈಲೋ ಹೊರದೇಶದ ಗಿಡ. ಊರ ಗೋಮಾಳಕ್ಕೆ ಸರಿ, ವನ್ಯಜೀವಿ ಇರುವ ಕಾವಲಿಗೆ ಬೇಡ. ಅಲ್ಲಿ ಅದೇ ಕಾವಲಿನ ಒಳ್ಳೆಯ ಭಾಗದಿಂದ ಆಯ್ದ ನಾಟಿ ಬೀಜವೇ ಆಗಬೇಕು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೇ ಇದೆ. ಗ್ರಾಮ ಪಂಚಾಯಿತಿಗಳು ಬಿತ್ತನೆಗೆ ಮುಂಚೆ ಅಲ್ಲಿಯ ಸಲಹೆ ಕೇಳಬೇಕು.

ಕೊನೆಯದಾಗಿ ಮಣ್ಣು ಪರೀಕ್ಷೆ. ಹೊಲಕ್ಕೆ ಮಣ್ಣು ಆರೋಗ್ಯ ಚೀಟಿ ಕೊಡುವಂತೆ ಪ್ರತಿ ಕಾವಲಿಗೂ ಮೂರು ವರ್ಷಕ್ಕೊಮ್ಮೆ ಒಂದು ಚೀಟಿ ಮಾಡಿಸಿ, ಪಂಚಾಯಿತಿಯ ಫಲಕದಲ್ಲಿ ಹಾಕಬೇಕೆಂದು ಪಶುಸಂಗೋಪನೆ, ಅರಣ್ಯ, ಕಂದಾಯ ಇಲಾಖೆಗಳನ್ನು ಕೇಳಿಕೊಳ್ಳುತ್ತೇವೆ. ಮಾದರಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ, ಪ್ರತಿ ಸಲವೂ ಅದೇ ತಿಂಗಳಲ್ಲಿ, ಪ್ರತಿ ಪಾಲಿನ ಹದಿನೈದಿಪ್ಪತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ತೆಗೆದು, ಬೆರೆಸಿ, ಅರ್ಧ ಕಿಲೋ ಮಾಡಿ ನೆರಳಲ್ಲಿ ಒಣಗಿಸಬೇಕು. ಹಳೆ ರೊಪ್ಪ, ನೀರಿನ ತೊಟ್ಟಿ, ಮರದ ಬುಡ, ಸಗಣಿ ಬಿದ್ದ ಜಾಗ ಬಿಡಬೇಕು. ಅಂಥ ಒಂದೇ ಒಂದು ಹಿಡಿ ಸೇರಿದರೂ ಇಡೀ ಮಾದರಿ ಸುಳ್ಳು ಹೇಳುತ್ತದೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಬಂದರೆ ಆ ಪಾಲಿಗೆ ಕುಡುಗೋಲು ಹಾಕಬಾರದು. ಗರಸು ಭೂಮಿಗೆ ಇನ್ನೊಂದು ತಿದ್ದುಪಡಿ ಬೇಕು: ಪ್ರಯೋಗಾಲಯದಲ್ಲಿ 2 ಮಿಲಿಮೀಟರ್ ಜರಡಿಯಿಂದ ಇಳಿದ ಮಣ್ಣನ್ನಷ್ಟೇ ಪರೀಕ್ಷಿಸುತ್ತಾರೆ, ಚೀಟಿಯಲ್ಲಿ ‘ಹೆಕ್ಟೇರಿಗೆ ಇಷ್ಟು ಕಿಲೋ’ ಎಂದು ಬರುವುದು ನೆಲವೆಲ್ಲ ಅಂಥ ನಯ ಮಣ್ಣೇ ಎಂಬ ಲೆಕ್ಕದಲ್ಲಿ. ನೂರರಲ್ಲಿ ನಲವತ್ತು ಪಾಲು ಕಲ್ಲುಹರಳಿದ್ದರೆ ನಿಜವಾಗಿ ಇರುವುದು ಆ ಅಂಕಿಯ ಅರವತ್ತು ಪಾಲು ಮಾತ್ರ. ಆದ್ದರಿಂದ ಮಾದರಿ ಜರಡಿ ಹಿಡಿಯುವ ಮುಂಚೆ ಒಮ್ಮೆ, ಹಿಡಿದ ಮೇಲೆ ಒಮ್ಮೆ ತೂಗಿ, ಎರಡೂ ತೂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

— ಕಡೂರು ತಾಲ್ಲೂಕಿನ ಓದುಗರು